ಕೇಬಲ್ ಮುಚ್ಚಿಟ್ಟಿದ್ದ ರಿಫ್ಲೆಕ್ಟೆಡ್ ಪವರ್

ಧಾರವಾಡದ ನಮ್ಮ ಮನೆಯ ಮಾಳಿಗೆಯ ಮೇಲೆ 145 ಮೆಗಾಹರ್ಟ್ಸ್‌ನ ಆಂಟೆನಾ ಇದೆ. ಮಳೆಗಾಲ ಕಳೆದ ಮೇಲೆ ನನ್ನ ಸಿಗ್ನಲ್ ಕ್ಷೀಣವಾಗಿ ಬರುತ್ತಿದೆಯೆಂದು ಹುಬ್ಬಳ್ಳಿಯ ಹ್ಯಾಮ್ (ಹವ್ಯಾಸಿ ರೇಡಿಯೋ) ಗೆಳೆಯರು ಹೇಳತೊಡಗಿದರು. ಆದರೆ ರೇಡಿಯೋದ ಪಕ್ಕದ ಮೀಟರಿನಲ್ಲಿ ಫಾರ್ವರ್ಡ್ (ಆಂಟೆನಾದತ್ತ ಹೋಗುವ ಪವರ್) 40 ವ್ಯಾಟ್, ರಿಫ್ಲೆಕ್ಟೆಡ್ (ಅಲ್ಲಿಂದ ಮರಳುವ ಪವರ್) 2.5 ವ್ಯಾಟ್ ಮಾತ್ರ ಇತ್ತು. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ ವರ್ಗಮೂಲ ತೆಗೆದರೆ 0.25, ಅದನ್ನು ಒಂದಕ್ಕೆ ಕೂಡಿಸಿ ಬಂದ 1.25ನ್ನು, ಒಂದರಿಂದ ಕಳೆದು ಉಳಿದ 0.75ರಿಂದ ಭಾಗಿಸಿದಾಗ ಎಸ್‌ಡಬ್ಲ್ಯೂಆರ್ (ಸ್ಟ್ಯಾಂಡಿಂಗ್ ವೇವ್ ರೇಶಿಯೋ; ಏನೂ ಮರಳದಿದ್ದರೆ 1) ಸುಮಾರು 1.7. ಇಷ್ಟು ಬಂದರೆ ಆಂಟೆನಾ ಸರಿಯಿದೆಯೆಂದು ಬಹಳ ಜನ ಅಲ್ಲಿಗೇ ಬಿಡುತ್ತಾರೆ.

ನಾನು ಮೊದಲು ಮೀಟರನ್ನೇ ಪರೀಕ್ಷಿಸಿದೆ. ಅದರೊಳಗಿನ ಕಪ್ಲರ್ ಲೈನಿನ ವೋಲ್ಟೇಜ್ ಮತ್ತು ಕರೆಂಟ್ ಎರಡರದೂ ಅಲ್ಪ ಅಂಶವನ್ನು ತೆಗೆದುಕೊಳ್ಳುತ್ತದೆ. ರಿಫ್ಲೆಕ್ಟೆಡ್ ಬದಿಯಲ್ಲಿ, ಮುಂದೆ ಸಾಗುವ ಅಲೆಯಿಂದ ಬಂದ ಆ ಎರಡು ಅಂಶಗಳು ಒಂದನ್ನೊಂದು ಅಳಿಸಿಹಾಕಬೇಕು. ಆದ್ದರಿಂದ ಮೀಟರಿಗೆ ನೇರವಾಗಿ ಪವರನ್ನೆಲ್ಲ ಹೀರಿಕೊಳ್ಳುವ 50 ಓಮ್ ಡಮ್ಮಿ ಲೋಡ್ ಜೋಡಿಸಿದಾಗ ಆ ಮುಳ್ಳು ಸೊನ್ನೆಯಿಂದ ಏಳಬಾರದು. ಏಳಲಿಲ್ಲ.

ಬಳಿಕ ಅದೇ ಮೀಟರನ್ನು ಮಾಳಿಗೆಗೆ ಒಯ್ದು, ಕೇಬಲ್ಲಿನ ತುದಿಗೂ ಆಂಟೆನಾಕ್ಕೂ ನಡುವೆ ಜೋಡಿಸಿದೆ. ನಾನು ಆಂಟೆನಾದಿಂದ ದೂರ ಸರಿದು ನಿಂತಾಗ ಮಗ ಕೆಳಗಿನಿಂದ ಕೆಲವೇ ಸೆಕೆಂಡು ಪಿಟಿಟಿ (ಪ್ರಸಾರದ ಗುಂಡಿ) ಒತ್ತಿದ. ಫಾರ್ವರ್ಡ್ 20 ವ್ಯಾಟ್, ರಿಫ್ಲೆಕ್ಟೆಡ್ 5 ವ್ಯಾಟ್: ಅಂದರೆ ಎಸ್‌ಡಬ್ಲ್ಯೂಆರ್ 3. ಕೇಬಲ್ ಹೋಗುವಾಗ ಅರ್ಧ ಪವರನ್ನು ನುಂಗಿ, ಮರಳಿ ಬರುವ 5 ವ್ಯಾಟಿನಲ್ಲೂ ಅರ್ಧವನ್ನು ನುಂಗುತ್ತಿದ್ದುದರಿಂದ ಕೆಳಗೆ ಎಲ್ಲವೂ ಚೆನ್ನಾಗಿ ಕಾಣುತ್ತಿತ್ತು. ಕೇಬಲ್ ಎಷ್ಟು ಕೆಟ್ಟರೆ ಕೆಳಗಿನ ಅಂಕಿ ಅಷ್ಟು ಒಳ್ಳೆಯದಾಗುತ್ತದೆ ಎಂಬುದನ್ನು ಪ್ರತಿಯೊಬ್ಬ ಹ್ಯಾಮ್ ತನ್ನ ಕೈಯಾರೆ ಒಮ್ಮೆ ಅಳೆದು ನೋಡಬೇಕೆಂದು ನನ್ನ ಆಗ್ರಹ.

ಮೇಲಿನ ಕನೆಕ್ಟರ್ ಬಿಚ್ಚಿ ಕೇಬಲ್ಲಿನ ಹೊದಿಕೆ ಸೀಳಿದಾಗ ತಾಮ್ರದ ಜಾಲರಿ ಒಂದು ಗೇಣಿಗೂ ಹೆಚ್ಚು ಉದ್ದ ಕಪ್ಪಾಗಿತ್ತು. ಆಂಟೆನಾದ ಬುಡದ ಡಬ್ಬಿಯಲ್ಲೂ ನೀರಿತ್ತು. ಡಬ್ಬಿಯನ್ನು ಒಣಗಿಸಿ ಬೆಸುಗೆ ಹೊಸದಾಗಿ ಹಾಕಿದೆ. ಸುಮಾರು 10 ಮೀಟರ್ ಉದ್ದದ ಹಳೆಯ ಆರ್‌ಜಿ-58 ಕೇಬಲ್ ತೆಗೆದು, ಅಷ್ಟೇ ಉದ್ದದ, ಕಡಿಮೆ ಪವರ್ ನುಂಗುವ ಆರ್‌ಜಿ-213 ಎಳೆದು, ಕನೆಕ್ಟರಿಗೆ ಸೆಲ್ಫ್ ಫ್ಯೂಸಿಂಗ್ ಟೇಪು ಸುತ್ತಿದೆ. ಈಗ ಕೆಳಗಿನ 40 ವ್ಯಾಟಿನಲ್ಲಿ 33 ಮೇಲೆ ತಲುಪುತ್ತದೆ; ಅಲ್ಲಿ ಮರಳುವುದು 1 ವ್ಯಾಟ್, ಎಸ್‌ಡಬ್ಲ್ಯೂಆರ್ 1.4. ಪವರ್ ತೀರ ಕಡಿಮೆಯಿದ್ದರೆ ಮೀಟರಿನ ಡಯೋಡ್ ಇರುವುದಕ್ಕಿಂತ ಕಡಿಮೆ ತೋರಿಸುವುದರಿಂದ, ರಿಫ್ಲೆಕ್ಟೆಡ್ ಅಳತೆಯನ್ನು ನಾನು ಪೂರ್ಣ ಪವರಿನಲ್ಲಿಯೇ ತೆಗೆದುಕೊಳ್ಳುತ್ತೇನೆ.