ದೊಡ್ಡ ಪಾದಕ್ಕೆ ಹೊರಡುವ ಮುಂಚೆ: ಕೊಡಗಿನಲ್ಲಿ ನಾನು ಮಾಡಿಕೊಳ್ಳುವ ತಯಾರಿ

ಶಬರಿಮಲೆಗೆ ಪಂಪೆಯಿಂದ ಹತ್ತಿದರೆ ಸನ್ನಿಧಾನ ಸುಮಾರು 5 ಕಿ.ಮೀ. ಎರುಮೇಲಿಯಿಂದ ಕಾಡು ದಾರಿ ಹಿಡಿದರೆ 40 ಕಿ.ಮೀ.ಗೂ ಜಾಸ್ತಿ. ನಡುವೆ ಅಳುದಾಮೇಡು ಹತ್ತಬೇಕು, ಕರಿಮಲೆ ಹತ್ತಿ ಇಳಿಯಬೇಕು, ಕಾಡಿನಲ್ಲಿ ರಾತ್ರಿ ಮಲಗಬೇಕು. ಇದೇ ದೊಡ್ಡ ಪಾದ. ನಾಪೋಕ್ಲು ಸುತ್ತಮುತ್ತಲಿನ ನಮ್ಮ ತಂಡ ಗುರುಸ್ವಾಮಿಯವರ ಹಿಂದೆ ಈ ದಾರಿಯಲ್ಲೇ ಹೋಗುತ್ತದೆ. ಮಾಲೆ ಹಾಕುವ ದಿನ ಹತ್ತಿರ ಬಂದಾಗ ಹೊಸದಾಗಿ ಬರುವವರು ಕೇಳುವುದು ಒಂದೇ ಪ್ರಶ್ನೆ: "ಹತ್ತೋದು ತುಂಬಾ ಕಷ್ಟನಾ ಸ್ವಾಮಿ?"

ಹತ್ತುವುದಕ್ಕೆ ಹೆದರಬೇಡಿ. ಇಳಿಯುವುದನ್ನು ಅಭ್ಯಾಸ ಮಾಡಿ. ನಾನು ಎಲ್ಲರಿಗೂ ಮೊದಲು ಹೇಳುವುದು ಇದನ್ನೇ.

ಹತ್ತುವಾಗ ಏದುಸಿರು ಬರುತ್ತದೆ. ನಿಂತು ನಾಲ್ಕು ಸಲ ಉಸಿರೆಳೆದರೆ ಸರಿಹೋಗುತ್ತದೆ. ಇಳಿಯುವಾಗ ಹಾಗಲ್ಲ. ಒಂದೊಂದು ಹೆಜ್ಜೆಗೂ ಮೈಭಾರವನ್ನೆಲ್ಲ ತೊಡೆಯ ಮುಂಭಾಗದ ಸ್ನಾಯು ತಡೆದು ಹಿಡಿಯಬೇಕು. ರೂಢಿ ಇಲ್ಲದವರಿಗೆ ಆ ಹೊತ್ತಿಗೆ ಏನೂ ಗೊತ್ತಾಗುವುದಿಲ್ಲ. ನೋವು ಶುರುವಾಗುವುದು ಮರುದಿನ. ಅದರ ಮಾರನೇ ದಿನ ಇನ್ನೂ ಜಾಸ್ತಿ. ಕರಿಮಲೆ ಇಳಿದು ಪಂಪೆ ತಲುಪಿದವನಿಗೆ ಮುಂದೆ ನೀಲಿಮಲೆ, ಅಪ್ಪಾಚಿಮೇಡು ಅನ್ನುವ ಕಡಿದಾದ ಏರುಗಳು ಕಾದಿರುತ್ತವೆ. ತೊಡೆ ಬಿಗಿದುಕೊಂಡಿದ್ದರೆ ಅಲ್ಲಿ ಕಾಲು ಎತ್ತುವುದೇ ದೊಡ್ಡ ಕೆಲಸ. ಆದರೆ ಇಳಿಜಾರಿನಲ್ಲಿ ಒಮ್ಮೆ ಹೀಗೆ ನೊಂದು ಸುಧಾರಿಸಿಕೊಂಡ ಸ್ನಾಯು ಮುಂದಿನ ಕೆಲವು ವಾರ ಅದೇ ಕೆಲಸಕ್ಕೆ ಅಷ್ಟು ನೋಯುವುದಿಲ್ಲ. ಅದಕ್ಕೇ ಆ ನೋವನ್ನು ಊರಲ್ಲೇ ಮುಗಿಸಿಕೊಂಡು ಹೋಗಬೇಕು.

ಇದಕ್ಕೆ ಕೊಡಗಿಗಿಂತ ಒಳ್ಳೆಯ ಜಾಗ ಎಲ್ಲಿದೆ? ಮನೆಯ ಹಿಂದೆಯೇ ಏರು, ಮುಂದೆಯೇ ಇಳಿಜಾರು. ನಾನು ವಾರದ ದಿನಗಳಲ್ಲಿ ಬೆಳಗ್ಗೆ ತೋಟದ ದಾರಿಯಲ್ಲೇ ನಡೆಯುತ್ತೇನೆ. ಗದ್ದೆಯಿಂದ ಬಾಣೆಯ (ಗದ್ದೆಗೆ ಸೇರಿದ ಗುಡ್ಡದ ಜಾಗ) ತುದಿಗೆ ಹತ್ತುವುದು, ಇಳಿಯುವುದು. ಇಳಿಯುವಾಗ ಓಡುವುದಿಲ್ಲ. ಮೊಣಕಾಲು ಸ್ವಲ್ಪ ಬಗ್ಗಿಸಿಕೊಂಡು, ಹೆಜ್ಜೆ ಚಿಕ್ಕದು ಮಾಡಿ, ಮೆಲ್ಲಗೆ. ಭಾನುವಾರ ತಂಡದವರೆಲ್ಲ ಸೇರಿ ತಡಿಯಂಡಮೋಳ್ ಹತ್ತುತ್ತೇವೆ. 1,748 ಮೀಟರ್ ಎತ್ತರ, ಕೊಡಗಿನ ಬೆಟ್ಟಗಳಲ್ಲೇ ದೊಡ್ಡದು. ಕಕ್ಕಬ್ಬೆ ಹತ್ತಿರದ ನಾಲ್ಕುನಾಡು ಅರಮನೆಯ ಬಳಿಯಿಂದ ಬೆಳಗ್ಗೆ ಬೇಗ ಹೊರಡಬೇಕು. ಮೇಲೆ ಅರಣ್ಯ ಇಲಾಖೆಯ ಚೆಕ್‌ಪೋಸ್ಟ್ ಇದೆ, ಅಲ್ಲಿ ಕೇಳಿಯೇ ಮುಂದೆ ಹೋಗಬೇಕು. ನವೆಂಬರ್ ಹೊತ್ತಿಗೆ ಮಳೆ ಬಿಟ್ಟು ಜಿಗಣೆ ಕಾಟ ಕಡಿಮೆಯಾಗಿರುತ್ತದೆ. ತುದಿ ಮುಟ್ಟುವುದೇ ಮುಖ್ಯ ಅಂತ ಹುಡುಗರು ನುಗ್ಗುತ್ತಾರೆ. ನನಗೆ ಮುಖ್ಯವಾಗಿರುವುದು ವಾಪಸ್ ಬರುವ ದಾರಿ. ಕೊನೆಯ ದೊಡ್ಡ ನಡಿಗೆ ಹೊರಡುವುದಕ್ಕೆ ಒಂದು ವಾರ ಮೊದಲೇ ಮುಗಿದಿರಬೇಕು. ಆಮೇಲೆ ಸುಮ್ನೆ ಚಿಕ್ಕ ನಡಿಗೆ ಸಾಕು.

ಇನ್ನು ಪಾದ. ನಮ್ಮ ತಂಡದಲ್ಲಿ ಮಾಲೆ ಹಾಕಿದ ದಿನದಿಂದ ಚಪ್ಪಲಿ ಇಲ್ಲ. ಆದರೆ ಅಂಗಾಲಿನ ಚರ್ಮ ಒಂದೇ ದಿನಕ್ಕೆ ಗಟ್ಟಿಯಾಗುವುದಿಲ್ಲ. ಹಾಗಾಗಿ ಮಳೆ ನಿಲ್ಲುತ್ತಿದ್ದ ಹಾಗೆ, ಮಾಲೆಗೆ ಮೊದಲೇ ನಾನು ಬರಿಗಾಲಿಗೆ ಒಗ್ಗಿಕೊಳ್ಳುತ್ತೇನೆ. ಮೊದಲು ಕಾಫಿ ಒಣಗಿಸುವ ಕಣದಲ್ಲಿ, ಆಮೇಲೆ ಗದ್ದೆ ಬದುವಿನಲ್ಲಿ, ಕೊನೆಗೆ ಜಲ್ಲಿ ರಸ್ತೆಯಲ್ಲಿ. ಚರ್ಮ ಕೆಂಪಗಾಗಿ ಉರಿದರೆ ಮರುದಿನ ನಿಲ್ಲಿಸುತ್ತೇನೆ. ಡಿಸೆಂಬರ್ ಚಳಿಗೆ ಹಿಮ್ಮಡಿ ಒಡೆಯುವುದು ನಮ್ಮಲ್ಲಿ ಸಾಮಾನ್ಯ. ಒಡೆದ ಹಿಮ್ಮಡಿಯಲ್ಲಿ ಕಾಡಿನ ಮಣ್ಣು, ಸಣ್ಣ ಕಲ್ಲು ಸೇರಿದರೆ ನಡೆಯಲು ಆಗುವುದಿಲ್ಲ. ರಾತ್ರಿ ಕಾಲು ತೊಳೆದು, ಪೂರ್ತಿ ಒರೆಸಿ, ಕೊಬ್ಬರಿ ಎಣ್ಣೆ ಹಚ್ಚಿ ಮಲಗುತ್ತೇನೆ. ಉಗುರನ್ನು ಹೊರಡುವುದಕ್ಕೆ ನಾಲ್ಕೈದು ದಿನ ಮೊದಲೇ ನೇರವಾಗಿ ಕತ್ತರಿಸಿಕೊಳ್ಳಬೇಕು. ಇಳಿಜಾರಿನಲ್ಲಿ ಬೆರಳ ತುದಿಗೇ ಪೆಟ್ಟು ಬೀಳುವುದು.

ಸಕ್ಕರೆ ಕಾಯಿಲೆ ಇರುವವರಿಗೆ ನಾನು ಬರಿಗಾಲು ಬೇಡ ಅಂತ ಖಡಾಖಂಡಿತವಾಗಿ ಹೇಳುತ್ತೇನೆ. ಪಾದದಲ್ಲಿ ಸ್ಪರ್ಶ ಕಡಿಮೆ ಇದ್ದರೆ ಮುಳ್ಳು ಚುಚ್ಚಿದ್ದೂ ತಿಳಿಯದು, ಗಾಯ ಬೇಗ ಮಾಯುವುದೂ ಇಲ್ಲ. ನಮ್ಮ ಗುರುಸ್ವಾಮಿಯವರೂ ಅಂಥವರಿಗೆ ತಾವೇ ಚಪ್ಪಲಿ ಹಾಕಿಸುತ್ತಾರೆ. ಅದರಿಂದ ವ್ರತ ಕೆಡುವುದಿಲ್ಲ ಅಂತ ನಾನು ಮನಸ್ಸಾರೆ ನಂಬುತ್ತೇನೆ.

ಮಾತ್ರೆಯ ವಿಷಯವೂ ಹಾಗೇ. ವ್ರತ ಅಂತ ಬಿಪಿ ಮಾತ್ರೆ, ಸಕ್ಕರೆ ಮಾತ್ರೆ ನಿಲ್ಲಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕೇರಳದ ಆರೋಗ್ಯ ಇಲಾಖೆ ಕೂಡ ಯಾತ್ರಿಗಳಿಗೆ ಇದನ್ನೇ ಹೇಳುತ್ತದೆ: ಮಾತ್ರೆ ಬಿಡಬೇಡಿ, ಚಿಕಿತ್ಸೆಯ ಚೀಟಿ ಜೊತೆಗಿರಲಿ, ಮೊದಲೇ ನಡೆದು ರೂಢಿ ಮಾಡಿಕೊಳ್ಳಿ, ನಿಧಾನವಾಗಿ ಹತ್ತಿ. ನೀಲಿಮಲೆ, ಅಪ್ಪಾಚಿಮೇಡಿನ ಏರಿನಲ್ಲಿ ಹೃದಯದ ತೊಂದರೆಯಾಗುವವರು ಇರುವುದರಿಂದಲೇ ಆ ದಾರಿಯುದ್ದಕ್ಕೂ ತುರ್ತು ಚಿಕಿತ್ಸೆ ಮತ್ತು ಆಮ್ಲಜನಕದ ಕೇಂದ್ರಗಳನ್ನು ಇಟ್ಟಿದ್ದಾರೆ. ವಯಸ್ಸು ನಲವತ್ತು ದಾಟಿದವರು ಮಾಲೆಗೆ ಮೊದಲೇ ಡಾಕ್ಟರಿಗೆ ತೋರಿಸಿಕೊಳ್ಳಲಿ. ಒಂದು ಹೊತ್ತು ಮಾತ್ರ ಉಣ್ಣುವ ವ್ರತ ತಮಗೆ ಸರಿಹೊಂದುತ್ತದೋ ಇಲ್ಲವೋ ಅಂತಲೂ ಅವರನ್ನೇ ಕೇಳಲಿ.

ಊಟದ ಬಗ್ಗೆ ನಮ್ಮ ಊರಿನವರಿಗೆ ಬೇರೆಯದೇ ಪರೀಕ್ಷೆ ಇದೆ. ಮಂಡಲ ವ್ರತದ 41 ದಿನ ಶುರುವಾಗುವುದು ನವೆಂಬರ್ ನಡುವಿನಲ್ಲಿ. ನಮ್ಮ ಸುಗ್ಗಿ ಹಬ್ಬ ಹುತ್ತರಿ ಬಹುಪಾಲು ಈ ದಿನಗಳೊಳಗೇ ಬರುತ್ತದೆ. ಕದಿರು ತೆಗೆಯುವ ರಾತ್ರಿ, ನೆಂಟರು, ಹಂದಿ ಮಾಂಸದ ಅಡುಗೆ, ಎಲ್ಲ ಇರುವ ಮನೆಯಲ್ಲೇ ನಾವು ಮಾಲೆ ಹಾಕಿಕೊಂಡು ಇರಬೇಕು. ಹಿರಿಯರು ಯಾರೂ ಬಲವಂತ ಮಾಡುವುದಿಲ್ಲ, ಮಾಲೆ ಕಂಡರೆ ಅವರೇ "ಸ್ವಾಮಿ, ನಿಮಗೆ ಬೇರೆ ಎಲೆ ಹಾಕಿದ್ದೇವೆ" ಅನ್ನುತ್ತಾರೆ. ತಂಬಿಟ್ಟಿಗೆ, ಗೆಣಸಿಗೆ ಅಡ್ಡಿಯಿಲ್ಲವಲ್ಲ. ಅಯ್ಯಪ್ಪ ಕೊಡಗಿಗೆ ಹೊರಗಿನವನೂ ಅಲ್ಲ. ನಮ್ಮ ದೇವರಕಾಡುಗಳಲ್ಲಿ ಅಯ್ಯಪ್ಪನಿಗೆ ಮಣ್ಣಿನ ನಾಯಿ ಹರಕೆ ಒಪ್ಪಿಸುವುದು ಹಿಂದಿನಿಂದ ಬಂದದ್ದು.

ಮಾಂಸ ನಿಂತ ಮೇಲೆ ಅನ್ನ ಸಾರು ಮಾತ್ರ ಉಂಡು ಬೆಟ್ಟ ಹತ್ತಿದರೆ ಕಾಲಿನಲ್ಲಿ ಶಕ್ತಿ ಉಳಿಯುವುದಿಲ್ಲ. ನಾನು ಹುರುಳಿ, ಹೆಸರುಕಾಳು, ಕಡಲೆ, ಹಾಲು, ಮೊಸರು ತಪ್ಪಿಸುವುದಿಲ್ಲ. ಅಕ್ಕಿ ರೊಟ್ಟಿಯ ಜೊತೆ ಕಾಳಿನ ಪಲ್ಯ ಇದ್ದೇ ಇರುತ್ತದೆ.

ಎರಡು ಗಂಟಿನ ಇರುಮುಡಿ ಹೊರುವುದನ್ನೂ ಕಲಿಯಬೇಕು, ಇದನ್ನು ಹೆಚ್ಚಿನವರು ಮರೆಯುತ್ತಾರೆ. ತಲೆಯ ಮೇಲೆ ಗಂಟು ಇದ್ದಾಗ ಕಾಲ ಬುಡ ನೋಡಲು ಕತ್ತು ಬಗ್ಗುವುದಿಲ್ಲ. ಒಂದು ಕೈ ಗಂಟು ಹಿಡಿದಿರುತ್ತದೆ, ಇನ್ನೊಂದು ಕೈ ಮಾತ್ರ ಕೋಲಿಗೆ. ನಾನು ಹಳೆಯ ಪಂಚೆಯಲ್ಲಿ ಅಕ್ಕಿ, ಎರಡು ತೆಂಗಿನಕಾಯಿ ಕಟ್ಟಿ ತಲೆ ಮೇಲಿಟ್ಟುಕೊಂಡು ತೋಟ ಸುತ್ತುತ್ತೇನೆ. ಕಣ್ಣನ್ನು ನಾಲ್ಕೈದು ಹೆಜ್ಜೆ ಮುಂದಕ್ಕೆ ನೆಟ್ಟು, ಪಾದದಿಂದಲೇ ನೆಲ ತಡವಿ ನಡೆಯುವುದು ಹೀಗೆಯೇ ಬರುತ್ತದೆ.

ಗುರುಸ್ವಾಮಿ ಯಾರು ಅನ್ನುವುದು ಇವೆಲ್ಲಕ್ಕಿಂತ ದೊಡ್ಡದು. 18 ಸಲ ಮಲೆಗೆ ಹೋಗಿ ಬಂದವರನ್ನು ಗುರುಸ್ವಾಮಿ ಅನ್ನುವುದು ವಾಡಿಕೆ. ನಾನು ಲೆಕ್ಕ ನೋಡುವುದಕ್ಕಿಂತ ಅವರು ತಂಡವನ್ನು ಹೇಗೆ ನಡೆಸುತ್ತಾರೆ ಅಂತ ನೋಡುತ್ತೇನೆ. ನಮ್ಮವರು ಎಲ್ಲರಿಗಿಂತ ನಿಧಾನವಾಗಿ ನಡೆಯುವವರನ್ನು ಮುಂದೆ ಬಿಡುತ್ತಾರೆ, ಮೊದಲ ಸಲ ಬರುವ ಕನ್ನಿಸ್ವಾಮಿಗಳು ನಡುವೆ, ದಾರಿ ಗೊತ್ತಿರುವ ಒಬ್ಬರು ಕೊನೆಗೆ. ಏರಿನಲ್ಲಿ ಅವರದು ಒಂದೇ ಮಾತು: "ಶರಣು ಕೂಗೋಕೆ ಉಸಿರಿಲ್ಲ ಅಂದ್ರೆ ಜಾಸ್ತಿ ಜೋರಾಗಿ ನಡೀತಿದ್ದೀರಿ ಸ್ವಾಮಿ, ನಿಧಾನ ಮಾಡಿ." ಇದಕ್ಕಿಂತ ಒಳ್ಳೆಯ ಅಳತೆ ನನಗೆ ಸಿಕ್ಕಿಲ್ಲ. ತಡಿಯಂಡಮೋಳ್ ಹತ್ತುವಾಗಲೂ ಶರಣು ಕೂಗಿಕೊಂಡೇ ಹತ್ತುತ್ತೇವೆ.

ಕರಿಮಲೆಯ ಸುತ್ತ ಇರುವುದು ಪೆರಿಯಾರ್ ಹುಲಿ ಅಭಯಾರಣ್ಯದ ಕಾಡು. ಆನೆ ಇದೆ. ಕತ್ತಲಾದ ಮೇಲೆ ಅಲ್ಲಿ ನಡೆಯಲು ಬಿಡುವುದಿಲ್ಲ, ತಂಗುವ ಜಾಗದಲ್ಲಿ ನಿಲ್ಲಲೇಬೇಕು. ತೋಟಕ್ಕೆ ಆನೆ ಬರುವ ಊರಿನವರಾದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅಷ್ಟು ಹೊತ್ತು ಕೈಯಲ್ಲಿ ಇಟ್ಟುಕೊಂಡೇ ದಿನದ ನಡಿಗೆ ಲೆಕ್ಕ ಹಾಕಬೇಕು. ದರ್ಶನಕ್ಕೆ ತಿರುವಾಂಕೂರು ದೇವಸ್ವಂ ಮಂಡಳಿಯ ಆನ್‌ಲೈನ್ ಸರದಿಯಲ್ಲಿ ಮೊದಲೇ ಬುಕ್ ಮಾಡಿರುತ್ತೇವೆ. ಆ ದಿನದಿಂದ ಹಿಂದಕ್ಕೆ ಎಣಿಸಿ ಎರುಮೇಲಿಗೆ ಯಾವತ್ತು ಮುಟ್ಟಬೇಕು ಅಂತ ಗೊತ್ತು ಮಾಡುತ್ತೇವೆ. ಮಂಡಲ ಪೂಜೆ ಡಿಸೆಂಬರ್ ಕೊನೆಯ ವಾರ. ಆಮೇಲೆ ಕೆಲವು ದಿನ ಬಾಗಿಲು ಮುಚ್ಚಿ, ಸಂಕ್ರಾಂತಿಯ ಮಕರವಿಳಕ್ಕು ಹಬ್ಬಕ್ಕೆ ಮತ್ತೆ ತೆರೆಯುತ್ತಾರೆ. ನಮ್ಮ ತಂಡ ಹುತ್ತರಿ ಮುಗಿದ ಮೇಲೆ, ಮಂಡಲ ಪೂಜೆಗೆ ಮೊದಲು ಹೋಗುತ್ತದೆ. ರೋಬಸ್ಟಾ ಕೊಯ್ಲು ಜೋರಾಗುವಷ್ಟರಲ್ಲಿ ಎಲ್ಲರೂ ಊರಲ್ಲಿರಬೇಕಲ್ವಾ?

ಹೆಗಲ ಚೀಲಕ್ಕೆ ಜಾಸ್ತಿ ಏನೂ ಬೇಡ. ಹಾಸಲು ಒಂದು, ಹೊದೆಯಲು ಒಂದು, ಒಂದು ಜೊತೆ ಬಟ್ಟೆ, ಟಾರ್ಚ್, ಆಧಾರ್ ಕಾರ್ಡ್, ಮಾತ್ರೆಗಳು, ಓಆರ್‌ಎಸ್ ಪುಡಿ, ಗಾಯಕ್ಕೆ ಪಟ್ಟಿ, ಸ್ಟೀಲ್ ಬಾಟಲಿ. ದಾರಿಯಲ್ಲಿ ಗಂಜಿ, ಕಟ್ಟನ್ ಚಾಯ (ಹಾಲಿಲ್ಲದ ಚಹಾ) ಸಿಗುತ್ತದೆ. ಕುದಿಸಿದ ನೀರನ್ನೇ ಕುಡಿಯಿರಿ, ತೊರೆಯ ನೀರು ಎಷ್ಟೇ ತಿಳಿಯಾಗಿ ಕಂಡರೂ ಬೇಡ.

ಕೊನೆಗೆ ಇರುಮುಡಿ ಕಟ್ಟುವುದು. ಮುಂದಿನ ಗಂಟಿನಲ್ಲಿ ತುಪ್ಪ ತುಂಬಿದ ಕಾಯಿ, ಅಕ್ಕಿ, ಬೆಲ್ಲ, ಸನ್ನಿಧಾನದ ಪಕ್ಕದ ದೇವಿ ಮಾಳಿಗಪುರತ್ತಮ್ಮನಿಗೆ ಅರಿಶಿನ, ಅಯ್ಯಪ್ಪನ ಮುಸ್ಲಿಂ ಗೆಳೆಯ ವಾವರನಿಗೆ ಕರಿಮೆಣಸು. ಮೆಣಸು ನಮ್ಮ ತೋಟದ ಬಳ್ಳಿಯದೇ, ಅದನ್ನು ನಾನೇ ಆರಿಸಿ ಇಡುತ್ತೇನೆ. ಹಿಂದಿನ ಗಂಟಿನಲ್ಲಿ ದಾರಿಗೆ ಬೇಕಾದದ್ದು. ಇರುಮುಡಿಯಲ್ಲಿ ಪ್ಲಾಸ್ಟಿಕ್ ನಿಷೇಧ, ಹಾಗಾಗಿ ಎಲ್ಲವನ್ನೂ ಕಾಗದದಲ್ಲಿ, ಬಟ್ಟೆಯ ಚಿಕ್ಕ ಚೀಲಗಳಲ್ಲಿ ಕಟ್ಟುತ್ತೇವೆ. ಪಂಪೆಯಲ್ಲಿ ಮಿಂದ ಮೇಲೆ ಬಟ್ಟೆಯನ್ನು ನದಿಗೆ ಬಿಡಬಾರದು ಅಂತ ಕನ್ನಿಸ್ವಾಮಿಗಳಿಗೆ ಊರಲ್ಲೇ ಹೇಳಿಬಿಡುತ್ತೇವೆ. ಒದ್ದೆ ಬಟ್ಟೆ ವಾಪಸ್ ತರಲು ಎಲ್ಲರ ಹತ್ತಿರವೂ ಒಂದು ಖಾಲಿ ಚೀಲ ಇರುತ್ತದೆ.

ಕಟ್ಟು ತುಂಬಿದ ಸಂಜೆಯೇ ಹೊರಡುತ್ತೇವೆ. ವಿರಾಜಪೇಟೆ, ಮಾಕುಟ್ಟ ಘಾಟಿ ಇಳಿದು ಇರಿಟ್ಟಿ, ಕಣ್ಣೂರು. ಅಲ್ಲಿಂದ ಕೋಟ್ಟಯಂಗೆ ರೈಲು. ರೈಲಿನಲ್ಲಿ ಮಾತಾಡುತ್ತಾ ಕೂರಬೇಡಿ, ಮಲಗಿ. ಎರುಮೇಲಿಯಲ್ಲಿ ಪೇಟೆತುಳ್ಳಲ್ (ಬಣ್ಣ ಹಚ್ಚಿಕೊಂಡು ಕುಣಿಯುವ ಆಚರಣೆ) ಮುಗಿಸಿದ ದಿನವೇ ನಡಿಗೆಯೂ ಶುರುವಾಗುತ್ತದೆ.