ದಂಡ, ಸುಂಕ ಮತ್ತು ಸಂಜೆ ಆರರ ಫೋನ್

ವರದಿಗಾರರ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: "ಮೇಡಂ, ಇದರಲ್ಲಿ ಗೆದ್ದವರು ಯಾರು?"

ನಾನು ಸ್ಪರ್ಧಾ ಕಾನೂನು (ದೊಡ್ಡ ಕಂಪನಿಗಳು ಮಾರುಕಟ್ಟೆಯಲ್ಲಿನ ತಮ್ಮ ಬಲವನ್ನು ದುರುಪಯೋಗ ಮಾಡದಂತೆ ತಡೆಯುವ ಕಾನೂನು) ಮತ್ತು ಅಂತರರಾಷ್ಟ್ರೀಯ ವ್ಯಾಪಾರ ಕಾನೂನಿನ ವಕೀಲೆ. ಈ ಎರಡರ ಬಗ್ಗೆ ಕನ್ನಡದಲ್ಲಿ ಮಾತನಾಡಲು ಒಪ್ಪುವವರು ಕಡಿಮೆ. ಆದ್ದರಿಂದ ಪತ್ರಿಕೆಗಳಿಗೆ ಪ್ರತಿಕ್ರಿಯೆ ಕೊಡುವ, ವಾಹಿನಿಗಳ ಚರ್ಚೆಯಲ್ಲಿ ಕೂರುವ ಕೆಲಸ ನನ್ನ ಪಾಲಿಗೆ ಬಂತು. ಆ ಮೊದಲ ಪ್ರಶ್ನೆಗೆ ನಾನು ಉತ್ತರ ಕೊಡುವುದೇ ಇಲ್ಲ ಎನ್ನಬಹುದು. ವಿಷಯ ಈಗ ಯಾವ ಹಂತದಲ್ಲಿದೆ, ಇವತ್ತಿನ ಆದೇಶದಿಂದ ನಾಳೆ ಬೆಳಿಗ್ಗೆ ಯಾರ ಬದುಕಿನಲ್ಲಿ ಏನು ಬದಲಾಗುತ್ತದೆ ಎಂಬುದನ್ನು ಹೇಳುತ್ತೇನೆ. ಬಹಳ ಸಲ ಆ ಎರಡನೆಯದಕ್ಕೆ ಉತ್ತರ "ಸದ್ಯಕ್ಕೆ ಏನೂ ಇಲ್ಲ" ಎಂದಾಗಿರುತ್ತದೆ. ವರದಿಗಾರರಿಗೆ ಇದರಿಂದ ಬೇಸರವಾಗುವುದು ನನಗೆ ಗೊತ್ತು.

ಬಾಯಿ ತೆರೆಯುವ ಮುಂಚೆ ನನ್ನದೇ ಒಂದು ತಪಾಸಣೆ ಇದೆ. ಭಾರತೀಯ ವಕೀಲರ ಪರಿಷತ್ತಿನ ನಿಯಮ 36ರ ಪ್ರಕಾರ ವಕೀಲರು ಜಾಹೀರಾತು ಕೊಡುವಂತಿಲ್ಲ, ಕೆಲಸ ಕೇಳಿಕೊಂಡು ಹೋಗುವಂತಿಲ್ಲ. ತಾವು ನಡೆಸುತ್ತಿರುವ ಮೊಕದ್ದಮೆಗಳ ಬಗ್ಗೆ ಪತ್ರಿಕೆಗಳಲ್ಲಿ ಹೇಳಿಕೆ ಬರುವಂತೆ ಮಾಡಿಕೊಳ್ಳುವುದು, ಫೋಟೊ ಹಾಕಿಸಿಕೊಳ್ಳುವುದು ಕೂಡ ಆ ನಿಷೇಧದೊಳಗೇ ಬರುತ್ತದೆ. ಹಾಗಾಗಿ ಫೋನ್ ಬಂದ ಕೂಡಲೇ ಕಚೇರಿಯ ಕಡತಗಳ ಪಟ್ಟಿ ನೋಡುತ್ತೇನೆ. ಕಕ್ಷಿದಾರರು, ಅವರ ಪ್ರತಿಸ್ಪರ್ಧಿ, ಅವರಿಗೆ ಸರಕು ಪೂರೈಸುವವರು, ಇವರಲ್ಲಿ ಯಾರಿಗೆ ಸಂಬಂಧಿಸಿದ್ದರೂ ನಾನು ಮಾತನಾಡುವುದಿಲ್ಲ. ಸಂಬಂಧ ದೂರದ್ದಾಗಿದ್ದು ಮಾತನಾಡಬಹುದು ಎನಿಸಿದರೆ, ಆ ಸಂಬಂಧವನ್ನು ಮೊದಲು ಹೇಳಿ, ಅದನ್ನೂ ಅಚ್ಚು ಹಾಕುವಂತೆ ಕೇಳುತ್ತೇನೆ. ಜಾಗ ಸಾಲದು ಎಂದು ಆ ಸಾಲನ್ನೇ ಕತ್ತರಿಸಲು ಹೊರಟ ಒಂದು ಪತ್ರಿಕೆಯಿಂದ ಇಡೀ ಹೇಳಿಕೆಯನ್ನೇ ವಾಪಸು ಪಡೆದಿದ್ದೇನೆ. ಸ್ಪರ್ಧಾ ಕಾನೂನಿನ ವಕೀಲರ ಬಳಗ ತೀರಾ ಚಿಕ್ಕದು. "ತಜ್ಞರ ಅಭಿಪ್ರಾಯ" ಎಂಬ ತಲೆಬರಹದ ಕೆಳಗೆ ಯಾರ ವಕಾಲತ್ತು ಅಡಗಿದೆ ಎಂಬುದು ಓದುಗರಿಗೆ ತಿಳಿಯದೇ ಹೋದರೂ ನಮಗೆ ತಿಳಿದಿರುತ್ತದೆ.

ಗೂಗಲ್ ಮೇಲಿನ ಆದೇಶಗಳು ಬಂದ ವಾರ ನನಗೆ ಚೆನ್ನಾಗಿ ನೆನಪಿದೆ. 2022ರ ಅಕ್ಟೋಬರ್ 20ರಂದು ಭಾರತೀಯ ಸ್ಪರ್ಧಾ ಆಯೋಗವು ಆಂಡ್ರಾಯ್ಡ್ ಪ್ರಕರಣದಲ್ಲಿ 1,337.76 ಕೋಟಿ ರೂಪಾಯಿ ದಂಡ ವಿಧಿಸಿತು. ಐದು ದಿನಗಳ ನಂತರ, ಅಕ್ಟೋಬರ್ 25ರಂದು, ಪ್ಲೇ ಸ್ಟೋರ್ ಪ್ರಕರಣದಲ್ಲಿ ಇನ್ನೂ 936.44 ಕೋಟಿ. ಎರಡನೆಯ ಆದೇಶ ಬಂದ ದಿನ ಪಾರ್ಶ್ವ ಸೂರ್ಯಗ್ರಹಣ. ವಾಹಿನಿಗಳ ತುಂಬ ಜ್ಯೋತಿಷಿಗಳು ಇದ್ದರು, ಯಾವ ರಾಶಿಗೆ ಏನು ಫಲ ಎಂಬುದರ ನಡುವೆ ಸ್ಪರ್ಧಾ ಕಾಯ್ದೆಗೆ ಜಾಗವಿರಲಿಲ್ಲ. ಪತ್ರಿಕೆಗಳವರು ಮಾತ್ರ ಕರೆ ಮಾಡಿದರು. ನನಗೂ ಅದೇ ಅನುಕೂಲವಾಯಿತು, ಏಕೆಂದರೆ ಓದಲು ಹೊತ್ತು ಸಿಕ್ಕಿತು.

ಇಂತಹ ಆದೇಶಗಳನ್ನು ನಾನು ಹಿಂದಿನಿಂದ ಮುಂದಕ್ಕೆ ಓದುತ್ತೇನೆ. ಮೊದಲು ಕೊನೆಯ ಪುಟಗಳ ನಿರ್ದೇಶನಗಳು, ಆಮೇಲೆ ದಂಡ ಲೆಕ್ಕ ಹಾಕಿದ ಭಾಗ, ಅದಾದ ಮೇಲೆ ಯಾವ ಮಾರುಕಟ್ಟೆಯಲ್ಲಿ ಪ್ರಾಬಲ್ಯವಿದೆ ಎಂದು ಆಯೋಗ ಹೇಳಿದೆ ಎಂಬುದು. ಆಯೋಗದ ಪತ್ರಿಕಾ ಪ್ರಕಟಣೆಯಲ್ಲಿ ದಂಡದ ಮೊತ್ತ ಎದ್ದು ಕಾಣುತ್ತದೆ, ಆದರೆ ಗೂಗಲ್‌ನಂತಹ ಕಂಪನಿಗೆ ನಿಜವಾಗಿ ನೋವಾಗುವುದು ನಿರ್ದೇಶನಗಳಿಂದ. ಆಂಡ್ರಾಯ್ಡ್ ಆದೇಶದಲ್ಲಿ ಹತ್ತು ನಿರ್ದೇಶನಗಳಿದ್ದವು. ಮೊದಲೇ ತುಂಬಿಸಿದ ಆ್ಯಪ್‌ಗಳನ್ನು ಬಳಕೆದಾರರು ತೆಗೆದುಹಾಕಲು ಬಿಡಬೇಕು ಎಂಬುದು ಅವುಗಳಲ್ಲೊಂದು. ಓದುಗರಿಗೆ ಥಟ್ಟನೆ ಹತ್ತಿರವಾಗುವ ಮಾತು ಅದೇ. "ಇನ್ನು ಮೇಲೆ ನಿಮ್ಮ ಫೋನಿನಿಂದ ಬೇಡದ ಆ್ಯಪ್ ಅಳಿಸಬಹುದು" ಎಂದು ನನ್ನ ಹೆಸರಿನಲ್ಲಿ ಒಂದು ಸಾಲು ಬೇಕೆಂದು ಒಬ್ಬ ಉಪಸಂಪಾದಕರು ಕೇಳಿದರು. ನಾನು ಕೊಟ್ಟದ್ದು ಬೇರೆ ಸಾಲು: "ಆಯೋಗ ಹಾಗೆ ಹೇಳಿದೆ. ಕಂಪನಿಗೆ ಮೇಲ್ಮನವಿಯ ಹಕ್ಕಿದೆ. ಅಲ್ಲಿ ಇದು ಉಳಿಯುತ್ತದೆಯೇ ನೋಡಬೇಕು." ಸಪ್ಪೆ ಸಾಲು ಎಂದು ಅವರಿಗೆ ಅನಿಸಿರಬೇಕು, ಕೆಳಗಿನ ಮೂಲೆಯಲ್ಲಿ ಹಾಕಿದರು. 2023ರ ಮಾರ್ಚ್ 29ರಂದು ರಾಷ್ಟ್ರೀಯ ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿದು ನಾಲ್ಕು ನಿರ್ದೇಶನಗಳನ್ನು ರದ್ದುಪಡಿಸಿತು. ಆ್ಯಪ್ ಅಳಿಸುವ ನಿರ್ದೇಶನ ಆ ನಾಲ್ಕರಲ್ಲಿತ್ತು. ಪ್ಲೇ ಸ್ಟೋರ್ ದಂಡ 2025ರ ಮಾರ್ಚ್‌ನಲ್ಲಿ 216.69 ಕೋಟಿಗೆ ಇಳಿಯಿತು. ಯಾವ ವಹಿವಾಟಿನ ಮೇಲೆ ದಂಡ ಲೆಕ್ಕ ಹಾಕಬೇಕು ಎಂಬುದೇ ಅಲ್ಲಿನ ಜಗಳ. ಮೊದಲ ದಿನ ದೊಡ್ಡ ಅಕ್ಷರದಲ್ಲಿ ಬಂದ ಸಂಖ್ಯೆ ಕೊನೆಯವರೆಗೆ ಹಾಗೇ ಉಳಿಯುವುದು ಈ ಕ್ಷೇತ್ರದಲ್ಲಿ ಅಪರೂಪ.

ಹಂತದ ವಿಷಯದಲ್ಲಿ ಅತಿ ಹೆಚ್ಚು ಗೊಂದಲ ಕಂಡದ್ದು ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್ ಪ್ರಕರಣದಲ್ಲಿ. ದೆಹಲಿಯ ವ್ಯಾಪಾರಿಗಳ ಸಂಘವೊಂದರ ದೂರಿನ ಮೇಲೆ ಆಯೋಗ 2020ರ ಜನವರಿಯಲ್ಲಿ ತನಿಖೆಗೆ ಆದೇಶಿಸಿತು. ಸ್ಪರ್ಧಾ ಕಾಯ್ದೆಯ 26(1)ನೇ ಕಲಂ ಅಡಿ ಹೊರಡುವ ಈ ಆದೇಶಕ್ಕೆ ಮೇಲ್ನೋಟದ ಅಭಿಪ್ರಾಯವಷ್ಟೇ ಸಾಕು. ಅದು ಆಡಳಿತಾತ್ಮಕ ಸ್ವರೂಪದ್ದು ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಆದರೂ ಮರುದಿನ ಕೆಲವು ಕಡೆ "ಅಕ್ರಮ ಸಾಬೀತು" ಎಂಬ ಧಾಟಿಯ ಸುದ್ದಿ ಕಂಡೆ. ಕರ್ನಾಟಕ ಹೈಕೋರ್ಟ್ ಫೆಬ್ರವರಿಯಲ್ಲಿ ತಡೆ ಕೊಟ್ಟಾಗ ಅದೇ ಪುಟಗಳಲ್ಲಿ "ಕ್ಲೀನ್ ಚಿಟ್" ಎಂಬ ಧಾಟಿ. 2021ರ ಜೂನ್‌ನಲ್ಲಿ ಏಕಸದಸ್ಯ ಪೀಠ, ಜುಲೈನಲ್ಲಿ ವಿಭಾಗೀಯ ಪೀಠ ಕಂಪನಿಗಳ ಅರ್ಜಿಗಳನ್ನು ವಜಾ ಮಾಡಿದವು. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಮಧ್ಯಪ್ರವೇಶಿಸಲಿಲ್ಲ. ಆಮೇಲೆ ಆ ತಾಣಗಳ ಮಾರಾಟಗಾರರು ಬೇರೆ ಬೇರೆ ಹೈಕೋರ್ಟ್‌ಗಳಿಗೆ ಹೋದರು, 2025ರ ಜನವರಿಯಲ್ಲಿ ಆ ಅರ್ಜಿಗಳನ್ನೂ ಕರ್ನಾಟಕ ಹೈಕೋರ್ಟ್‌ಗೇ ಕಳುಹಿಸಲಾಯಿತು. ಪ್ರತಿ ಹಂತದಲ್ಲೂ ಕರೆ ಬರುತ್ತಿತ್ತು, ನಾನು ಪ್ರತಿ ಸಲವೂ ಹೇಳುತ್ತಿದ್ದುದು: "ತನಿಖೆ ನಡೆಯಬೇಕೇ ಬೇಡವೇ ಎಂಬುದಷ್ಟೇ ಇಲ್ಲಿನ ಪ್ರಶ್ನೆ." ಒಬ್ಬ ವರದಿಗಾರರು ಕೊನೆಗೆ, "ಮೇಡಂ, ಹೋದ ಸಲದ ಹೇಳಿಕೆಯನ್ನೇ ಹಾಕಿಕೊಳ್ಳಲೇ?" ಎಂದು ಕೇಳಿದರು. ಹಾಕಿಕೊಳ್ಳಿ ಎಂದೆ.

ವ್ಯಾಪಾರ ಕಾನೂನಿನಲ್ಲಿ ಹಂತದ ಕಥೆ ಇನ್ನೂ ವಿಚಿತ್ರ. 2021ರ ಡಿಸೆಂಬರ್ 14ರಂದು ವಿಶ್ವ ವ್ಯಾಪಾರ ಸಂಸ್ಥೆಯ ವಿವಾದ ಸಮಿತಿ ಭಾರತದ ಸಕ್ಕರೆ ನೀತಿಯ ವಿರುದ್ಧ ವರದಿ ಕೊಟ್ಟಿತು. ದೂರು ಕೊಟ್ಟಿದ್ದವು ಬ್ರೆಜಿಲ್, ಆಸ್ಟ್ರೇಲಿಯಾ ಮತ್ತು ಗ್ವಾಟೆಮಾಲ. 2014–15ರಿಂದ 2018–19ರವರೆಗಿನ ಐದು ಹಂಗಾಮುಗಳಲ್ಲಿ ಕಬ್ಬಿಗೆ ಕೊಟ್ಟ ಬೆಂಬಲವು ಉತ್ಪಾದನೆಯ ಮೌಲ್ಯದ ಶೇ 10ರ ಮಿತಿಯನ್ನು ದಾಟಿದೆ, ರಫ್ತು ಸಬ್ಸಿಡಿಯೂ ನಿಯಮಕ್ಕೆ ವಿರುದ್ಧ ಎಂಬುದು ತೀರ್ಮಾನ. ಮಂಡ್ಯ, ಬೆಳಗಾವಿ ಕಡೆಯ ರೈತರಿಗೆ ಮರುದಿನ ಬೆಳಿಗ್ಗೆ ತಲುಪಿದ್ದು ಕಬ್ಬಿನ ದರಕ್ಕೆ ಕತ್ತರಿ ಬೀಳುತ್ತದೆ ಎಂಬ ಭಯ.

ಆ ಸಂಜೆಯ ಚರ್ಚೆಯಲ್ಲಿ ಎರಡು ಸಂಗತಿ ಹೇಳಲೇಬೇಕು ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಮೊದಲನೆಯದು, ಎಫ್‌ಆರ್‌ಪಿ ಎಂಬ ನ್ಯಾಯಸಮ್ಮತ ಮತ್ತು ಲಾಭದಾಯಕ ದರವನ್ನು ಕೇಂದ್ರ ಸರ್ಕಾರ ನಿಗದಿ ಮಾಡುತ್ತದೆ, ರೈತನಿಗೆ ಹಣ ಕೊಡುವುದು ಮಾತ್ರ ಕಾರ್ಖಾನೆ. ಬೊಕ್ಕಸದಿಂದ ಹಣ ಹೋಗದ ಮೇಲೆ ಇದು ಸರ್ಕಾರದ ಬೆಂಬಲ ಹೇಗಾದೀತು ಎಂದು ಭಾರತ ವಾದಿಸಿತ್ತು. ಸಮಿತಿ ಒಪ್ಪಲಿಲ್ಲ: ದರವನ್ನು ಕಡ್ಡಾಯಗೊಳಿಸಿದ್ದೇ ಸಾಕು, ಸರ್ಕಾರ ಖರೀದಿಸಬೇಕೆಂದೇನೂ ಇಲ್ಲ ಎಂದಿತು. ಬೆಂಬಲವನ್ನು ಅಳೆಯುವ ವಿಶ್ವ ವ್ಯಾಪಾರ ಸಂಸ್ಥೆಯ ಕೃಷಿ ಒಪ್ಪಂದದ ಸೂತ್ರ, ಸರ್ಕಾರ ಇಂದು ನಿಗದಿ ಮಾಡುವ ದರವನ್ನು 1986–88ರ ಹಳೆಯ ಬೆಲೆಯ ಜೊತೆ ಹೋಲಿಸುತ್ತದೆ. ಮೂವತ್ತು ವರ್ಷಗಳ ಹಣದುಬ್ಬರವನ್ನು ಮರೆತು ಕುಳಿತ ಈ ಸೂತ್ರ ಅನ್ಯಾಯದ್ದು ಎಂದೇ ನನ್ನ ಅಭಿಪ್ರಾಯ. ಆದರೆ ಅದಕ್ಕೆ ಸಹಿ ಹಾಕಿದವರಲ್ಲಿ ನಾವೂ ಇದ್ದೇವೆ.

ಎರಡನೆಯದು, ಆ ವರದಿ ಜಾರಿಗೆ ಬರುವುದಿಲ್ಲ. ವಿಶ್ವ ವ್ಯಾಪಾರ ಸಂಸ್ಥೆಯ ಮೇಲ್ಮನವಿ ಮಂಡಳಿಗೆ ಸದಸ್ಯರನ್ನು ನೇಮಿಸಲು ಅಮೆರಿಕ ಒಪ್ಪದ ಕಾರಣ 2019ರ ಡಿಸೆಂಬರ್‌ನಿಂದ ಅದು ನಿಂತುಹೋಗಿದೆ. ಇಲ್ಲದ ಮಂಡಳಿಗೆ ಮೇಲ್ಮನವಿ ಸಲ್ಲಿಸಿದರೆ ವರದಿ ಅಂಗೀಕಾರವಾಗದೆ ಅಲ್ಲೇ ನಿಲ್ಲುತ್ತದೆ. ಭಾರತ ಕೆಲವೇ ವಾರಗಳಲ್ಲಿ ಹಾಗೇ ಮಾಡಿತು. ಮುಂದೆ ಮೊಬೈಲ್ ಫೋನ್ ಮುಂತಾದವುಗಳ ಆಮದು ಸುಂಕದ ವಿವಾದದಲ್ಲೂ ಅದೇ ದಾರಿ ಹಿಡಿಯಿತು. ಇದನ್ನು ಹೇಳುವಾಗ ನಿರೂಪಕರು, "ಹಾಗಾದರೆ ಭಾರತ ಗೆದ್ದಂತಾಯಿತಲ್ಲ!" ಎಂದರು. ಸೋತ ತೀರ್ಪು ಕಡತದಲ್ಲಿ ಹಾಗೇ ಇದೆ, ಜಾರಿ ಮಾಡಿಸುವ ಬಾಗಿಲು ಮುಚ್ಚಿದೆ, ನಾಳೆ ನಾವೇ ಇನ್ನೊಬ್ಬರ ಮೇಲೆ ದೂರು ಕೊಟ್ಟರೆ ಅವರೂ ಇದೇ ಬಾಗಿಲನ್ನು ನಮ್ಮ ಮುಖಕ್ಕೆ ಮುಚ್ಚಬಹುದು ಎಂದು ಹೇಳಿ ಮುಗಿಸುವಷ್ಟರಲ್ಲಿ ಜಾಹೀರಾತು ಬಂತು. ಪರದೆಯ ಕೆಳಗೆ "ಕಬ್ಬು ಬೆಳೆಗಾರರಿಗೆ ಬಿಗ್ ರಿಲೀಫ್" ಎಂದು ಓಡುತ್ತಿತ್ತು. ಅಂದಿನಿಂದ ವಾಹಿನಿಯವರಿಗೆ ನನ್ನ ನಿಲುವನ್ನು ಒಂದೇ ವಾಕ್ಯದಲ್ಲಿ ಬರೆದು ಮೊದಲೇ ವಾಟ್ಸ್‌ಆ್ಯಪ್ ಮಾಡುತ್ತೇನೆ, ಪರದೆಯ ಅಡಿಯಲ್ಲಿ ಹಾಕುವುದಿದ್ದರೆ ಇದನ್ನೇ ಹಾಕಿ ಎಂದು. ಅರ್ಧದಷ್ಟು ಸಲ ಹಾಕುತ್ತಾರೆ.

ಎಲ್ಲಕ್ಕಿಂತ ಕಷ್ಟದ ವಿಷಯ ಅಡಿಕೆ. 2023ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿತು. ಅದಕ್ಕಿಂತ ಕಡಿಮೆ ಬೆಲೆಯ ಅಡಿಕೆ ಒಳಗೆ ಬರುವಂತಿಲ್ಲ. ಮಲೆನಾಡು, ಕರಾವಳಿಯ ಬೆಳೆಗಾರರ ಬೇಡಿಕೆ ಈಡೇರಿತ್ತು. ಅದರ ಹಿಂದಿನ ವರ್ಷವಷ್ಟೇ ಭೂತಾನ್‌ನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಬೆಲೆಯ ಷರತ್ತಿಲ್ಲದೆ ತರಲು ಅನುಮತಿ ಕೊಟ್ಟಿದ್ದರಿಂದ ಆ ಕಡೆಯಲ್ಲಿ ಸಿಟ್ಟಿತ್ತು.

ನನ್ನನ್ನು ಕೇಳಿದ್ದು, "ಇದು ಕಾನೂನುಬದ್ಧವೇ?" ಭಾರತದ ಕಾನೂನಿನಲ್ಲಿ ಹೌದು, ವಿದೇಶಿ ವ್ಯಾಪಾರ ಕಾಯ್ದೆಯಡಿ ಸರ್ಕಾರಕ್ಕೆ ಆ ಅಧಿಕಾರವಿದೆ. ಅಂತರರಾಷ್ಟ್ರೀಯ ನಿಯಮದಲ್ಲಿ ನಿಲ್ಲುವುದು ಕಷ್ಟ. ಗ್ಯಾಟ್ ಎಂಬ, ಸುಂಕ ಮತ್ತು ವ್ಯಾಪಾರ ಕುರಿತ ಅಂತರರಾಷ್ಟ್ರೀಯ ಒಪ್ಪಂದದ 11ನೇ ವಿಧಿ ಸುಂಕದ ಹೊರತಾದ ಆಮದು ನಿರ್ಬಂಧಗಳನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಯುರೋಪಿನ ಆರ್ಥಿಕ ಸಮುದಾಯವು ಟೊಮೆಟೊ ಪೇಸ್ಟ್‌ಗೆ ಇದೇ ಬಗೆಯ ಕನಿಷ್ಠ ಬೆಲೆ ಇಟ್ಟಾಗ 1978ರಲ್ಲಿ ಅದು ನಿಯಮಬಾಹಿರ ಎಂದು ಗ್ಯಾಟ್ ಸಮಿತಿ ಹೇಳಿತ್ತು. ಇದನ್ನು ಹಾಗೇ ಹೇಳಿದೆ. ಪ್ರಕಟವಾದ ಮೇಲೆ ತೀರ್ಥಹಳ್ಳಿಯಿಂದ ಪುತ್ತೂರಿನವರೆಗೆ ಕರೆಗಳು ಬಂದವು. "ನೀವು ಆಮದು ಮಾಡುವವರ ಪರವೋ?" ಎಂದರು ಒಬ್ಬ ಹಿರಿಯರು. ನಾನು ಯಾರ ಪರವೂ ಇರಲಿಲ್ಲ, ಅಡಿಕೆಯ ಕಡತ ನನ್ನ ಕಚೇರಿಯಲ್ಲಿ ಇರಲೇ ಇಲ್ಲ. ಅವರಿಗೆ ಸಾವಧಾನವಾಗಿ ಹೇಳಿದೆ: ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಡಬಲ್ಲದ್ದು ಒಂದು ದೇಶ, ವ್ಯಾಪಾರಿ ಅಲ್ಲ. ಯಾವುದಾದರೂ ದೇಶ ಅಡಿಕೆಗಾಗಿ ಭಾರತದ ಮೇಲೆ ಮೊಕದ್ದಮೆ ಹೂಡುವಷ್ಟು ತಲೆಕೆಡಿಸಿಕೊಳ್ಳುವವರೆಗೆ ಈ ಬೆಲೆ ಇರುತ್ತದೆ. ನೀವು ನಿಜವಾಗಿ ಹೆದರಬೇಕಾದದ್ದು ಬೇರೆಯದಕ್ಕೆ. ಅಡಿಕೆಯ ಮೇಲೆ ಶೇ 100 ಸುಂಕವಿದೆ. ಪೂರ್ತಿ ಸುಂಕ ಕಟ್ಟುವವನು ಬಿಲ್‌ನಲ್ಲಿ ಬೆಲೆ ಏರಿಸಿ ತೋರಿಸಿದರೆ ಅಷ್ಟೂ ಹೆಚ್ಚು ಸುಂಕ ಕಟ್ಟಬೇಕು. ಯಾವುದೋ ದೇಶದ ಜೊತೆಗಿನ ಒಪ್ಪಂದದಡಿ, ಆ ದೇಶದಲ್ಲಿ ಬೆಳೆದದ್ದು ಎಂದು ಹೇಳಿ ಸುಂಕವಿಲ್ಲದೆ ತರುವವನಿಗೆ ಬಿಲ್‌ನಲ್ಲಿ 351 ಎಂದು ಬರೆದುಕೊಂಡರೆ ಕಳೆದುಕೊಳ್ಳುವುದು ಏನೂ ಇಲ್ಲ. ಆದ್ದರಿಂದ ನಿಮ್ಮ ಸಂಘಗಳು ಕನಿಷ್ಠ ಬೆಲೆಯನ್ನು ಇನ್ನಷ್ಟು ಏರಿಸಿ ಎಂದು ಕೇಳುವುದರ ಜೊತೆಗೆ, ಸರಕು ನಿಜವಾಗಿ ಯಾವ ದೇಶದಲ್ಲಿ ಬೆಳೆದದ್ದು ಎಂಬ ಪ್ರಮಾಣಪತ್ರದ ತಪಾಸಣೆಯನ್ನೂ ಕೇಳಬೇಕು. ಅವರು ಇದನ್ನು ಬರೆದುಕೊಂಡರು. ಪತ್ರಿಕೆಗೆ ಕೊಟ್ಟ ಹೇಳಿಕೆಗಿಂತ ಆ ಫೋನಿನಲ್ಲಿ ಆಡಿದ ಮಾತು ಹೆಚ್ಚು ಉಪಯೋಗಕ್ಕೆ ಬಂತು ಎನಿಸಿ, ಮುಂದಿನ ಸಲ ಆ ವಿಷಯಕ್ಕೆ ಕರೆ ಬಂದಾಗ ಅದನ್ನೇ ಮೊದಲು ಹೇಳಿದೆ.

ವಿದೇಶಿ ಸರಕನ್ನು ತೀರಾ ಅಗ್ಗಕ್ಕೆ ತಂದು ಸುರಿಯುವುದನ್ನು ತಡೆಯುವ ಆ್ಯಂಟಿ ಡಂಪಿಂಗ್ ಸುಂಕದ ಬಗ್ಗೆ ಕರೆಗಳು ಕಡಿಮೆ, ಬಂದರೂ ಉತ್ತರ ಚಿಕ್ಕದು: ವಾಣಿಜ್ಯ ಪರಿಹಾರ ಮಹಾನಿರ್ದೇಶನಾಲಯ ಶಿಫಾರಸು ಮಾಡುತ್ತದೆ, ಸುಂಕ ಹಾಕುವುದು ಹಣಕಾಸು ಸಚಿವಾಲಯ, ಅದು ಬೇಡ ಎಂದದ್ದೂ ಉಂಟು.

ಅಮೆರಿಕದ ಸುಂಕ ಮಾತ್ರ ಎಲ್ಲರನ್ನೂ ಮಾತಿಗೆ ಎಳೆಯಿತು. 2025ರ ಆಗಸ್ಟ್ 27ರಿಂದ ಭಾರತದ ಹಲವು ಸರಕುಗಳ ಮೇಲೆ ಅದು ಶೇ 50ಕ್ಕೆ ಏರಿದಾಗ "ಭಾರತ ಎಷ್ಟು ಕಟ್ಟಬೇಕು?" ಎಂದು ಕೇಳಿದವರೇ ಹೆಚ್ಚು. ಆಮದು ಸುಂಕವನ್ನು ಕಟ್ಟುವವರು ಅಲ್ಲಿನ ಆಮದುದಾರರು, ಅಲ್ಲಿನ ಖಜಾನೆಗೆ. ನಮಗೆ ಬೀಳುವ ಪೆಟ್ಟು ಆರ್ಡರ್ ಕಡಿಮೆಯಾಗುವುದರಿಂದ, ರಿಯಾಯಿತಿ ಕೇಳುವುದರಿಂದ ಎಂದು ಹೇಳಿದೆ. ಪ್ರಸಾರವಾದ ರಾತ್ರಿಯೇ ಬೆಂಗಳೂರಿನ ಒಬ್ಬ ಸಿದ್ಧ ಉಡುಪು ರಫ್ತುದಾರರು ಕರೆ ಮಾಡಿ, ತಮ್ಮ ಒಪ್ಪಂದದಲ್ಲಿ ಡಿಡಿಪಿ ಎಂದಿದೆ, ಅದಕ್ಕೆ ಏನರ್ಥ ಎಂದು ಕೇಳಿದರು. ಸುಂಕ ಸೇರಿ ಎಲ್ಲ ಖರ್ಚೂ ಮಾರುವವರದೇ ಎಂದು ಅರ್ಥ. ಎಫ್‌ಒಬಿ ಎಂದಿದ್ದರೆ ಹಡಗಿಗೆ ಸರಕು ಏರಿಸಿದಲ್ಲಿಗೆ ಅವರ ಹೊಣೆ ಮುಗಿಯುತ್ತಿತ್ತು. ಅವರು ಸ್ವಲ್ಪ ಹೊತ್ತು ಲೆಕ್ಕ ಹಾಕಿ, ಆಗಲೇ ಹಡಗಿನಲ್ಲಿರುವ ಸರಕಿಗೆ ಏನು ಮಾಡಬಹುದು ಎಂದು ಕೇಳಿದರು. ಅದು ಸಲಹೆಯ ಪ್ರಶ್ನೆ, ಫೋನಿನಲ್ಲಿ ಉತ್ತರಿಸುವಂಥದ್ದಲ್ಲ. ಜೊತೆಗೆ, ಟಿ.ವಿ.ಯಲ್ಲಿ ನೋಡಿ ಬಂದವರನ್ನು ಅದೇ ವಿಷಯಕ್ಕೆ ಕಕ್ಷಿದಾರರಾಗಿ ಸೇರಿಸಿಕೊಳ್ಳುವುದಿಲ್ಲ ಎಂದು ನಾನೇ ಹಾಕಿಕೊಂಡ ಕಟ್ಟುಪಾಡೂ ಇದೆ. ಅವರ ಕಂಪನಿಯ ವಕೀಲರ ಬಳಿಗೇ ಒಪ್ಪಂದವನ್ನು ತೆಗೆದುಕೊಂಡು ಹೋಗುವಂತೆ ಹೇಳಿದೆ. ಮರುದಿನದ ಕಾರ್ಯಕ್ರಮಕ್ಕೆ ಮಾತ್ರ ಒಂದು ವಾಕ್ಯ ಸೇರಿಸಿಕೊಂಡೆ: "ರಫ್ತುದಾರರು ತಮ್ಮ ಖರೀದಿ ಆದೇಶದಲ್ಲಿ ಬೆಲೆಯ ಪಕ್ಕ ಬರೆದಿರುವ ಮೂರು ಅಕ್ಷರಗಳನ್ನು ಇವತ್ತೇ ತೆಗೆದು ನೋಡಲಿ."