ಅಡುಗೆಮನೆ ಗೋಡೆಯನ್ನು ಬಟ್ಟೆಗೆ ಎಬ್ಬಿಸಿದ ಕತೆ

"ಮುಂಬೈ ಹವೆಯಲ್ಲಿ ಸರೇಸ್ ಒಣಗೋದಿಲ್ಲ ಮಾರಾಯಾ, ಸುಮ್ನೆ ದುಡ್ಡು ಹಾಳು" ಎಂದಿದ್ದ ಗೆಳೆಯರೇ ಪ್ರದರ್ಶನಕ್ಕೆ ಬಂದು, ಗೋಡೆಯ ಬಣ್ಣದ ಪದರವನ್ನು ಬಟ್ಟೆಗೆ ಎಬ್ಬಿಸಿದ್ದು ಹೇಗೆ ಎಂದು ಕೇಳಿದರು. ಸರೇಸ್ ಅಂದರೆ ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡುವ ಅಂಟು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮುಂಬೈಯ ಪರೇಲಿನ ನಮ್ಮ ಚಾಳನ್ನು, ಅಂದರೆ ಕಾರ್ಮಿಕರ ಸಾಲುಕೋಣೆಗಳ ಕಟ್ಟಡವನ್ನು, ಒಡೆಯುವುದಿತ್ತು. ಅಪ್ಪ ಬಟ್ಟೆ ಮಿಲ್ ಕ್ಯಾಂಟೀನಿನಲ್ಲಿದ್ದವರು. ಆ ಒಂದೇ ಖೋಲಿಯಲ್ಲಿ ನಾವು ಐದು ಜನ ಬೆಳೆದೆವು. ಗೋಡೆಯ ಚಿತ್ರ ಬರೆಯುವುದಕ್ಕಿಂತ ಗೋಡೆಯನ್ನೇ ತರೋಣ ಅನ್ನಿಸಿತು. ಇಟಲಿಯವರಲ್ಲಿ ಸ್ಟ್ರಾಪೋ ಎಂಬ ವಿಧಾನವಿದೆ: ಗೋಡೆಗೆ ಅಂಟಿನಿಂದ ಬಟ್ಟೆ ಹಚ್ಚಿ, ಒಣಗಿದ ಮೇಲೆ ಎಳೆದರೆ ಬಣ್ಣದ ಪದರ ಬಟ್ಟೆಯೊಡನೆ ಎದ್ದು ಬರುತ್ತದೆ; ಆಮೇಲೆ ಹಿಂಬದಿಗೆ ಬೇರೆ ಬಟ್ಟೆ ಅಂಟಿಸಿ, ಮುಂದಿನ ಬಟ್ಟೆಯನ್ನು ಬಿಸಿನೀರು ಹಾಕಿ ತೆಗೆಯುತ್ತಾರೆ. 1966ರ ಫ್ಲಾರೆನ್ಸ್ ನೆರೆಯ ನಂತರ ಎಷ್ಟೋ ಭಿತ್ತಿಚಿತ್ರಗಳನ್ನು ಗೋಡೆಯಿಂದ ಬಿಡಿಸಿದ್ದರಲ್ಲ, ಅದೇ ದಾರಿ.

ಮೊದಲ ಸಲ ಜುಲೈನಲ್ಲಿ ಕೈಹಾಕಿದೆ. ಐದಾರು ಕಿಲೋ ಸರೇಸ್ ಹೋಯಿತು. ಮೂರು ದಿನವಾದರೂ ಬಟ್ಟೆ ಹಸಿಯಾಗಿಯೇ ಇತ್ತು, ನಾಲ್ಕನೇ ದಿನ ಬೂಸ್ಟು ಬಂದು ಇಡೀ ಮಾಳಿಗೆ ನಾತ. ಬಾಡಿಗೆಗೆ ಹ್ಯಾಲೊಜನ್ ದೀಪ ತಂದು ಒಣಗಿಸಿದೆ. ಅಂಚು ಮಾತ್ರ ಬೇಗ ಒಣಗಿ ಎಳೆದುಕೊಂಡಿತು, ನಡುವೆ ಹರಿಯಿತು. ಒಟ್ಟು 20 ಸಾವಿರದ ಹತ್ತಿರ ಕೈಬಿಟ್ಟಿತು. ಮಾತಾಡಿಟ್ಟಿದ್ದ ಗ್ಯಾಲರಿಯವರೂ ದಿನ ಬೇರೆಯವರಿಗೆ ಕೊಟ್ಟರು, ಮುಂಗಡದಲ್ಲಿ ಅರ್ಧ ವಾಪಸ್ ಬರಲೇ ಇಲ್ಲ.

ಜನವರಿಯಲ್ಲಿ ಮತ್ತೆ ಹೋದೆ. ಒಣ ಗಾಳಿ, ಎರಡೇ ರಾತ್ರಿ ಸಾಕಾಯಿತು. ಅಂಟನ್ನು ನೀರಿನ ಪಾತ್ರೆಯಲ್ಲಿಟ್ಟು 60 ಡಿಗ್ರಿ ಆಸುಪಾಸಿನಲ್ಲೇ ಕರಗಿಸಿ, ಕುದಿಸಿದರೆ ಶಕ್ತಿ ಹೋಗುತ್ತದೆ. ಒಳಗೆ ತೆಳು ಮಲ್‌ಮಲ್, ಮೇಲೆ ಒರಟು ಬಟ್ಟೆ. ಅಂಟಿಗೆ ಅಡುಗೆಮನೆಯ ಇನ್ನೊಂದು ಪದಾರ್ಥ ಹಾಕುತ್ತೇನೆ. ಅದನ್ನು ಹೇಳುವುದಿಲ್ಲ.

ಖೋಲಿಯ ಮುಂಭಾಗದ ಗೋಡೆ ಅಲ್ಲಾಡಲಿಲ್ಲ. ಅಡುಗೆಮೂಲೆಯದು ಮಾತ್ರ ಚಪಾತಿಯ ಹಾಗೆ ಎದ್ದು ಬಂತು. ಯಾಕೆಂದು ಹಿಂದೆ ತಿರುಗಿಸಿ ನೋಡಿದಾಗಲೇ ತಿಳಿದದ್ದು. ಹಿಂಬದಿ ಪೂರಾ ಕಪ್ಪು. ಸೀಮೆಎಣ್ಣೆ ಸ್ಟವ್‌ನ ಮಸಿ! ಅದರ ಮೇಲೆ ಹೊಡೆದ ಸುಣ್ಣ ಹಿಡಿದೇ ಇರಲಿಲ್ಲ. ಅಮ್ಮನನ್ನು ಕೇಳಿದೆ. "1982ರಲ್ಲಿ ಮಿಲ್ ಮುಷ್ಕರ ಶುರುವಾಯ್ತಲ್ಲ ಮಗಾ, ಆಮೇಲೆ ಎರಡು ದೀಪಾವಳಿಗೆ ಸುಣ್ಣ ಹೊಡೆಯಲೇ ಇಲ್ಲ" ಅಂದರು. ಎರಡೂವರೆ ಲಕ್ಷ ಕಾರ್ಮಿಕರು ಮನೆಯಲ್ಲಿ ಕೂತ ಕಾಲ ಅದು. ನಮ್ಮ ಗೋಡೆಯಲ್ಲಿ ಅದು ಕೂದಲೆಳೆಯಷ್ಟು ದಪ್ಪದ ಕಪ್ಪು ಗೆರೆ. ಆಮೇಲೆ ಪಕ್ಕದ ಖೋಲಿಗಳಲ್ಲೂ ಅಡುಗೆಮೂಲೆಯನ್ನೇ ಹುಡುಕಿದೆ. 14 ತುಂಡು ಸಿಕ್ಕವು.

ಮೆಟ್ಟಿಲ ಗೋಡೆಯ ಎಲೆಯಡಿಕೆ ಉಗುಳಿನ ಕಲೆಯನ್ನೂ ಎಬ್ಬಿಸಿ ನೋಡಿದೆ. ಬಿಸಿನೀರಿಗೆ ಕಾಚಿನ ಬಣ್ಣ ಬಿಟ್ಟು ಎಲ್ಲ ಕಂದು ಬಣ್ಣವಾಯಿತು. ಆದರೂ ಆ ಕಂದು ಚೆನ್ನಾಗಿದೆ, ಇಟ್ಟುಕೊಂಡಿದ್ದೇನೆ. ಒಣ ಡಿಸ್ಟೆಂಪರ್ (ನೀರಿನಲ್ಲಿ ಕಲಸಿ ಹಚ್ಚುವ ಪುಡಿ ಬಣ್ಣ) ಇದ್ದಲ್ಲಿ ಜಾಗ್ರತೆ, ಬಟ್ಟೆ ತೆಗೆಯುವ ಬಿಸಿನೀರಿಗೆ ಅದೂ ತೊಳೆದು ಹೋಗುತ್ತದೆ.

ಎಲ್ಲರೂ ಹಿಂಬದಿಗೆ ಕ್ಯಾನ್‌ವಾಸ್ ಅಂಟಿಸಿ ಮಸಿಯನ್ನು ಮುಚ್ಚಿಬಿಡುತ್ತಿದ್ದರು. ನಾನು ಸೊಳ್ಳೆಪರದೆಯ ಬಲೆ ಅಂಟಿಸಿ, ಸೀಲಿಂಗಿನಿಂದ ಇಳಿಬಿಟ್ಟೆ. ಮುಂದೆ ಕೊನೆಯ ವರ್ಷಗಳ ಹಸಿರು, ಹಿಂದೆ ಮುಷ್ಕರದ ಮಸಿ. ಜನ ಸುತ್ತಿ ಬರಬೇಕು. ಇದು ನನ್ನದೇ ಯೋಚನೆ, ಇದರ ಬಗ್ಗೆ ನನಗೆ ಹೆಮ್ಮೆಯಿದೆ.

ಮುಂಬೈಯ ಫೋರ್ಟ್ ಪ್ರದೇಶದ ಚಿಕ್ಕ ಗ್ಯಾಲರಿ, ಏಳು ದಿನಕ್ಕೆ ಸುಮಾರು 70 ಸಾವಿರ. ಎಲ್ಲ ಸೇರಿ ಲಕ್ಷದ ಎಂಬತ್ತು ಸಾವಿರ ಖರ್ಚು. ಐದು ತುಂಡು ಮಾರಿದೆ, ಎರಡು ಲಕ್ಷದ ಮೇಲೆ ಬಂತು. ನಮ್ಮ ಮನೆಯದನ್ನು ಮಾರಲಿಲ್ಲ.

ಎರಡನೇ ದಿನ ಅಮ್ಮ ಬಂದರು. ಆ ತುಂಡಿನ ಹಿಂದೆ ಹೋಗಿ ತುಂಬ ಹೊತ್ತು ನಿಂತರು. ಕೈ ಎತ್ತಿ ಮಸಿ ಜಾಸ್ತಿ ಇರುವ ಕಡೆ ತೋರಿಸಿ, "ಸ್ಟವ್ ಕೆಳಗಿತ್ತಲ್ವಾ ಮಗಾ, ಇದು ತಲೆಕೆಳಗಾಗಿದೆ" ಅಂದರು. ಆ ರಾತ್ರಿಯೇ ಏಣಿ ಹತ್ತಿ ತಿರುಗಿಸಿ ಕಟ್ಟಿದೆ.